ಏಳನೇ ಕಾಲಿನ ಬಾಚಣಿಗೆ

ಹೊನ್ನಗಂಗಮ್ಮನ ಕೈ ನಡುಗಿದ್ದನ್ನು ಮೂಡಲಪಾಳ್ಯದಲ್ಲಿ ಯಾರೂ ಕಂಡವರಿಲ್ಲ. ವಯಸ್ಸು ಐವತ್ತಾರು. ಕನ್ನಡಕ ಇಲ್ಲದೆ ಪೇಪರು ಓದಲಾಗದು, ಮೆಟ್ಟಿಲು ಹತ್ತಿದರೆ ಮೊಣಕಾಲು ಕಟಕಟ ಅನ್ನುತ್ತದೆ. ಕೈ ಮಾತ್ರ ಬಂಡೆಯ ಮೇಲೆ ಊರಿದ ಹಾಗೆ. ಬೀದಿಯಲ್ಲಿ ಯಾರ ಮಗುವಿನ ಕಾಲಿಗೆ ಮುಳ್ಳು ಚುಚ್ಚಿಕೊಂಡರೂ, ಯಾರ ಮೂಗುತಿಯ ತಿರುಪು ಬಿಗಿದುಕೊಂಡರೂ ಆಕೆಗೇ ಬುಲಾವು ಬರುತ್ತಿತ್ತು.

ಆ ಕೈ ಪಳಗಿದ್ದು ಗಡಿಯಾರದ ಕಾರ್ಖಾನೆಯಲ್ಲಿ. ಮೂಡಲಪಾಳ್ಯ ಇನ್ನೂ ರಾಗಿ ಹೊಲ, ಸೊಪ್ಪಿನ ಮಡಿಗಳ ಊರಾಗಿದ್ದ ಕಾಲದಲ್ಲಿ ಆಕೆ ಇಲ್ಲಿಗೆ ಸೊಸೆಯಾಗಿ ಬಂದಳು. ಮದುವೆಯಾದ ಮರುವರ್ಷವೇ ಕೆಲಸ ಸಿಕ್ಕಿತು. ಬೆಳಿಗ್ಗೆ ಕಾರ್ಖಾನೆಯ ಬಸ್ಸು, ಬಿಳಿ ಕೋಟು, ತಲೆಗೆ ಬಿಳಿ ಟೋಪಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗಿನ ಸುರುಳಿಯನ್ನು ಚಿಮಟದಲ್ಲಿ ಎತ್ತಿ, ಅದರ ಜಾಗದಲ್ಲಿ ಕೂರಿಸುವುದು ಆಕೆಯ ಕೆಲಸ. ಸುರುಳಿ ಒಂಚೂರು ಸೊಟ್ಟಗಾದರೂ ಗಡಿಯಾರ ಹಿಂದೆ ಬೀಳುತ್ತಿತ್ತು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದಳು. ಒಂದು ದಿನ ಕಾರ್ಖಾನೆ ಮುಚ್ಚಿತು.

ಅಷ್ಟರಲ್ಲಿ ಹೊಲಗಳೆಲ್ಲ ಸೈಟುಗಳಾಗಿದ್ದವು. ಗಂಡ ಚನ್ನಕೇಶವ ಇದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟ. ಬಸ್‌ಸ್ಟಾಪಿನ ಹತ್ತಿರ ಹಾಲಿನ ಬೂತು ಇಟ್ಟುಕೊಂಡ. ಸಂಸಾರಕ್ಕೇನೂ ಕೊರತೆಯಿರಲಿಲ್ಲ. ಆದರೆ ಹೊನ್ನಗಂಗಮ್ಮನಿಗೆ ಹೊತ್ತು ಹೋಗುತ್ತಿರಲಿಲ್ಲ. ಹೂವು ಕಟ್ಟಿದಳು, ಅವರೆಕಾಳು ಹಿಸುಕಿದಳು, ಅಕ್ಕಿಯಲ್ಲಿ ಇಲ್ಲದ ಕಲ್ಲನ್ನೂ ಹುಡುಕಿದಳು. ಬೆರಳಿಗೆ ತಕ್ಕ ಕೆಲಸವೇ ಇಲ್ಲವಲ್ಲ ಅನ್ನುವ ಸಂಕಟ ಒಳಗೆ ಕುಟುಕುತ್ತಿತ್ತು. ಹೇಳಿಕೊಂಡರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಎರಡನೇ ಮಹಡಿಗೆ ಬಾಡಿಗೆಗೆ ಬಂದವಳು ಗಗನಾ. ಚಿಂತಾಮಣಿ ಕಡೆಯ ಹುಡುಗಿ, ವಿಜಯನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಮ್ಮು. ಪಾಠ ಮಾಡುತ್ತಲೇ ಪಿಎಚ್‌ಡಿಯನ್ನೂ ಹಚ್ಚಿಕೊಂಡಿದ್ದಳು. ಮಾತು ಕಡಿಮೆ. ಭಾನುವಾರ ಕೂಡ ಕಿಟಕಿಯ ಪಕ್ಕ ಬಗ್ಗಿ ಕೂತೇ ಇರುತ್ತಿದ್ದಳು.

ಅಂಥದೇ ಒಂದು ಭಾನುವಾರ ಮಧ್ಯಾಹ್ನ ಹೊನ್ನಗಂಗಮ್ಮ ಮಹಡಿಯ ಮೇಲೆ ಒಣಹಾಕಿದ್ದ ಸಂಡಿಗೆ ತಿರುವಿ ಹಾಕಿ ಇಳಿಯುತ್ತಿದ್ದಾಗ, ಗಗನಾಳ ಬಾಗಿಲಿನಿಂದ "ಅಯ್ಯೋ, ಇದೂ ಹೋಯ್ತು!" ಅಂತ ಕೇಳಿಸಿತು. ಇಣುಕಿ ನೋಡಿದರೆ ಹುಡುಗಿ ತಲೆ ಮೇಲೆ ಕೈಹೊತ್ತು ಕೂತಿದ್ದಾಳೆ. ಎದುರಿಗೆ ಕಾಲೇಜಿನಿಂದ ತಂದ ಮೈಕ್ರೋಸ್ಕೋಪು.

"ಏನಾಯ್ತೇ ಗಗನಾ? ಏನ್ ಹೋಯ್ತು?"

"ಕಾಲು ಮುರೀತು ಆಂಟಿ."

"ನಿನ್ನ ಕಾಲಾ?"

ಗಗನಾ ಅಳುವುದೋ ನಗುವುದೋ ತಿಳಿಯದೆ ಗಾಜಿನ ಬಟ್ಟಲನ್ನು ಮುಂದಕ್ಕೆ ಸರಿಸಿದಳು. ಬಟ್ಟಲಿನ ತಳದಲ್ಲಿ ಎಳ್ಳುಕಾಳಿನಷ್ಟು ದೊಡ್ಡ ಚುಕ್ಕೆಯೊಂದು ಬಿದ್ದಿತ್ತು. "ಇದರ ಕಾಲು. ಆಸ್ಟ್ರಾಕಾಡ್ ಅಂತಾರೆ ಇದಕ್ಕೆ. ಸಿಗಡಿಗೆ ದೂರದ ನೆಂಟ. ಹೊರಗೆ ನೋಡಿದ್ರೆ ಪುಟ್ಟ ಚಿಪ್ಪು. ಚಿಪ್ಪು ತೆಗೆದ್ರೆ ಒಳಗೆ ಏಳು ಜೊತೆ ಕೈಕಾಲು ಮಡಚಿಕೊಂಡು ಕೂತಿರುತ್ತೆ. ಒಂದೊಂದನ್ನೂ ಬಿಡಿಸಿ, ರೋಮ ಎಣಿಸಿ, ಚಿತ್ರ ಬರೆದ್ರೇನೇ ಇದು ಯಾವ ಜಾತಿ ಅಂತ ಗೊತ್ತಾಗೋದು."

ಕಾರವಾರದ ಆಚೆಯ ಒಂದು ದ್ವೀಪದ ಹತ್ತಿರ, ಪ್ಲಾಸ್ಟಿಕ್ ಬಾಟಲಿಯೊಳಗೆ ಮೀನಿನ ಚೂರಿಟ್ಟು ಸಮುದ್ರದ ಮರಳಿಗೆ ಇಳಿಸಿದ್ದಳಂತೆ. ವಾಸನೆ ಹಿಡಿದು ಇವು ಬಂದು ಸಿಕ್ಕಿದವು. ಒಟ್ಟು ಹತ್ತೊಂಬತ್ತು. ಅವುಗಳಲ್ಲಿ ಏಳು ಆಗಲೇ ಅವಳ ಕೈಯಲ್ಲಿ ಚೂರಾಗಿದ್ದವು.

ಹೊನ್ನಗಂಗಮ್ಮ ಬಗ್ಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಎಷ್ಟೋ ವರ್ಷಗಳ ಮೇಲೆ ಮತ್ತೆ ಆ ಬೆಳಕಿನ ಬಿಲ್ಲೆ, ಅದರ ನಡುವೆ ಒಂದು ಯಂತ್ರ. ಆದರೆ ಇದು ಜೀವ ಇದ್ದ ಯಂತ್ರ. ಗಾಜಿನಂಥ ಚಿಪ್ಪು, ಒಳಗೆ ಕಪ್ಪು ಕಣ್ಣು, ಮಡಚಿದ ಹುಟ್ಟುಗೋಲಿನಂಥ ಕೈಗಳು, ಬಾಲದ ಕಡೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ ಕುಡುಗೋಲುಗಳು. ಆಮೇಲೆ ಮೇಜಿನ ಮೇಲಿದ್ದ ಚಿಮಟವನ್ನು ಎತ್ತಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದ್ರಲ್ಲಾ ನೀನು ಕೆಲಸ ಮಾಡ್ತಿರೋದು? ಎರಡು ತುದಿ ಒಂದಕ್ಕೊಂದು ಕೂಡ್ತಾನೇ ಇಲ್ಲ. ಇದ್ರಲ್ಲಿ ಹುಬ್ಬು ಕೀಳೋಕೂ ಆಗಲ್ಲ ಕಣಮ್ಮ. ತಡಿ, ಬಂದೆ."

ಕೆಳಗೆ ಹೋಗಿ, ಟ್ರಂಕಿನ ತಳದಿಂದ ಕಾರ್ಖಾನೆಯ ಕಾಲದ ತನ್ನ ಚಿಮಟಗಳನ್ನೂ ಸಾಣೆಕಲ್ಲನ್ನೂ ತಂದಳು. ಎಣ್ಣೆ ಹಚ್ಚಿ, ಕಾಲು ಗಂಟೆ ಮಸೆದಳು. ಹುಡುಗಿ ಹೂಂ ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಳು. ಉಸಿರು ಪೂರ್ತಿ ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲು, ಆ ಕಾಲು ಮುರಿದದ್ದರ ಚಿಪ್ಪಿನ ಕೀಲು ಬಿಡಿಸಿದಳು. ಎರಡು ಹೋಳೂ ತೊಗರಿಬೇಳೆಯ ಹಾಗೆ ನೀಟಾಗಿ ಬೇರೆಯಾದವು.

"ಆಂಟಿ," ಅಂದಳು ಗಗನಾ. ತನ್ನ ಚಿಮಟವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು.

ಅವತ್ತಿನಿಂದ ಅದೊಂದು ಪಾಠವೇ ಆಯಿತು. ಬೆಳಿಗ್ಗೆ ಅಡುಗೆ ಮುಗಿಸಿ ಹೊನ್ನಗಂಗಮ್ಮ ಮೇಲೆ ಹೋಗುವಳು. ಗಗನಾ ಕಾಲೇಜಿಗೆ ಹೋಗಿದ್ದರೂ ಕೀಲಿ ಈಕೆಯ ಹತ್ತಿರ ಇರುತ್ತಿತ್ತು. ಮೊದಲ ತಿಂಗಳು ಒಳ್ಳೆಯ ಮಾದರಿಗಳನ್ನು ಮುಟ್ಟಲಿಲ್ಲ. ಹಾಳಾದ ಏಳರ ಚೂರುಗಳಲ್ಲೇ ಕೈ ಪಳಗಿಸಿಕೊಂಡಳು. ಗಡಿಯಾರದ ಸಾಮಾನು ಗಟ್ಟಿ, ಇದು ನೆನೆದ ಶಾವಿಗೆಯ ಹಾಗೆ ಮೆತ್ತಗೆ. ಲೋಹದ ಮೊನೆ ತಾಗಿದರೆ ಹರಿಯುತ್ತದೆ. ಹಾಗಾಗಿ ಪೊರಕೆ ಕಡ್ಡಿಯ ತುದಿಗೆ ತನ್ನದೇ ರೆಪ್ಪೆಯ ಒಂದು ಕೂದಲನ್ನು ಉಗುರುಬಣ್ಣದಿಂದ ಅಂಟಿಸಿಕೊಂಡಳು. ಕಾಲುಗಳನ್ನು ಸರಿಸಲು ಅದಕ್ಕಿಂತ ಮೆದುವಾದ ಆಯುಧ ಇನ್ನೊಂದಿರಲಿಲ್ಲ. ದೊಡ್ಡ ದೊಡ್ಡ ಲ್ಯಾಬುಗಳಲ್ಲೂ ಹೀಗೇ ಮಾಡುತ್ತಾರೆಂದು ಗಗನಾ ಹೇಳಿದಾಗ, "ನೋಡು, ಅವರಿಗೂ ಬುದ್ಧಿ ಇದೆ" ಅಂದಳು.

ಆ ಏಳು ಜೊತೆಯೂ ಆಕೆಗೆ ಮನೆಮಂದಿಯಷ್ಟು ಪರಿಚಯವಾದವು. ಮೊದಲನೆಯದು ವಾಸನೆ ಹಿಡಿಯುವ ಮೀಸೆ. ಗಂಡಾದರೆ ಅದರಲ್ಲಿ ಹಿಡಿದುಕೊಳ್ಳಲು ಪುಟ್ಟ ಹೀರುಬಟ್ಟಲುಗಳಿರುತ್ತವೆ. ಎರಡನೆಯದು ಈಜುವ ಹುಟ್ಟು. ಆಮೇಲೆ ಬಾಯಿಗೆ ಸೇರಿದವು, ತುರುಕುವವು, ಸೋಸುವವು. ಎಲ್ಲಕ್ಕಿಂತ ವಿಚಿತ್ರ ಏಳನೆಯದು. ಅದು ಕಾಲಿನ ಹಾಗೇ ಇರುವುದಿಲ್ಲ. ಎರೆಹುಳದಂತೆ ಉದ್ದಕ್ಕೆ, ಉಂಗುರ ಉಂಗುರವಾಗಿ ಬಳುಕುತ್ತದೆ. ಚಿಪ್ಪಿನ ಒಳಗೆಲ್ಲ ಕೈಯಾಡಿಸಿ ಕಸ ತೆಗೆಯುವುದು, ಹೆಣ್ಣು ಬೆನ್ನಲ್ಲಿ ಹೊತ್ತ ಮೊಟ್ಟೆಗಳನ್ನು ಒರೆಸಿಡುವುದು ಅದರ ಕೆಲಸ. ತುದಿಯಲ್ಲಿ ಬಾಚಣಿಗೆಯಂಥ ಹಲ್ಲುಸಾಲು ಇರುತ್ತದೆ. ಗಗನಾ ಪ್ರತಿ ಸಲ ಮುರಿಯುತ್ತಿದ್ದದ್ದು ಇದನ್ನೇ.

ಹೊನ್ನಗಂಗಮ್ಮ ಮೊದಲ ಹೆಣ್ಣಿನಿಂದ ಆ ಏಳನೇ ಕಾಲನ್ನು ಇಡಿಯಾಗಿ ಬಿಡಿಸಿ ಗಾಜಿನ ಮೇಲೆ ಮಲಗಿಸಿದಳು. ಗಗನಾ ಸಂಜೆ ಬಂದು ಕಾಫಿ ಲೋಟ ಹಿಡಿದುಕೊಂಡು ಕೂತಾಗ, ಆಕೆ ಪುಸ್ತಕದ ಒಂದು ಚಿತ್ರದ ಮೇಲೆ ಬೆರಳಿಟ್ಟಳು.

"ಇದೇ ಅಲ್ವಾ ಇವುಗಳ ಜಾತಿಯ ಕಾಲು? ಒಂದು ಕಡೆ ಬಾಚಣಿಗೆ, ಎದುರುಗಡೆ ಎರಡು ಗೂಟ."

"ಹೌದು ಆಂಟಿ. ಎಲ್ಲಾದ್ರಲ್ಲೂ ಹಾಗೇ."

"ಇದ್ರಲ್ಲಿ ಗೂಟ ಇಲ್ಲ ಕಣೇ. ಎರಡು ಕಡೇನೂ ಬಾಚಣಿಗೆ. ಬಾಯಿ ಮುಚ್ಚಿದ್ರೆ ಹಲ್ಲಿಗೆ ಹಲ್ಲು ಕೂರುತ್ತೆ."

"ಹಾಗಿರಲ್ಲ ಆಂಟಿ, ಮಡಚಿಕೊಂಡಿರತ್ತೆ ಅಷ್ಟೆ."

"ಇಪ್ಪತ್ತಾರು ವರ್ಷ ಹಲ್ಲುಚಕ್ರ ನೋಡಿದೀನಿ. ಮಡಚಿದ್ದು ಯಾವುದು, ಇರೋದೇ ಹಾಗೆ ಯಾವುದು ಅಂತ ನನಗೆ ಗೊತ್ತಾಗಲ್ವಾ? ನೋಡು ಬಾ."

ಗಗನಾ ನೋಡಿದಳು. ಕಾಫಿ ಆರಿಹೋಯಿತು. ಮರುದಿನ ಸ್ಲೈಡನ್ನು ಕಾಲೇಜಿನ ದೊಡ್ಡ ಮೈಕ್ರೋಸ್ಕೋಪಿನಲ್ಲಿಟ್ಟಳು. ಮೂರು ವಾರ ಹಳೆಯ ವರದಿಗಳನ್ನೆಲ್ಲ ಜಾಲಾಡಿದಳು. ಎರಡನೇ ಹೆಣ್ಣಿನಲ್ಲೂ ಹಾಗೇ ಇತ್ತು. ಅವಳು ಓದಿದ ಯಾವ ವರದಿಯಲ್ಲೂ ಅಂಥ ಕಾಲಿನ ಪ್ರಾಣಿ ಇರಲಿಲ್ಲ. ಒಂದು ಶನಿವಾರ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದು ಬಂದು, ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಹೊನ್ನಗಂಗಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು. "ಹೊಸದು ಆಂಟಿ! ಹೊಸಾ ಜಾತಿ!" ಹೊನ್ನಗಂಗಮ್ಮ ಮುದ್ದೆಕೋಲು ಬಿಡದೆಯೇ ನಕ್ಕಳು.

ಪ್ರಬಂಧ ಬರೆದು, ಚಿತ್ರಗಳನ್ನು ಸೇರಿಸಿ ಕಳಿಸಿದ್ದಾಯಿತು. ಪ್ರಕಟಿಸುವ ಪತ್ರಿಕೆಯವರು ಅದನ್ನು ಇನ್ನೊಬ್ಬ ಪರಿಣತರಿಗೆ ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಪರಿಣತರು ಒಪ್ಪಿರಲಿಲ್ಲ. ಎರಡನೇ ಬಾಚಣಿಗೆ ಎನ್ನುವುದು ಬಿಡಿಸುವಾಗ ಆದ ಅಚಾತುರ್ಯವಿರಬಹುದು. ಕಾಲು ತಿರುಚಿಕೊಂಡು, ಜೊತೆಯ ಕಾಲಿನ ಬಾಚಣಿಗೆ ಅದರ ಮೇಲೆ ಬಿದ್ದು ಹಾಗೆ ಕಂಡಿರಬಹುದು. ಗಂಡಿನಲ್ಲಿಯೂ, ಎರಡೂ ಕಾಲುಗಳಲ್ಲಿಯೂ ಇದನ್ನು ಸ್ಪಷ್ಟವಾಗಿ ತೋರಿಸದ ಹೊರತು ಹೊಸ ಜಾತಿ ಎನ್ನಲಾಗದು. ಅವಧಿ ಅರವತ್ತು ದಿನ.

ಹತ್ತೊಂಬತ್ತರಲ್ಲಿ ಗಂಡು ಇದ್ದದ್ದು ಒಂದೇ ಒಂದು.

ಗಗನಾ ಕಾಗದದ ಸಾರ ಹೇಳಿದಾಗ ಹೊನ್ನಗಂಗಮ್ಮನ ಮುಖ ಕೆಂಪಾಯಿತು. ಪರಿಣತರು ಅನುಮಾನಿಸಿದ್ದು ಪ್ರಾಣಿಯನ್ನಲ್ಲ, ತನ್ನ ಕೈಯನ್ನು. ಕಾರ್ಖಾನೆಯಲ್ಲಿ ಆಕೆ ಕೂರಿಸಿದ ಸುರುಳಿ ತಪಾಸಣೆಯಿಂದ ವಾಪಸು ಬಂದದ್ದು ಎಷ್ಟು ಸಲ ಅಂತ ಬೆರಳು ಮಡಚಿ ಹೇಳಬಹುದಿತ್ತು.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು ಮೋಹನ್ ಕುಮಾರ್ ಅಂತ. ಕೆಟ್ಟವರಲ್ಲ, ಆದರೆ ಶಿಸ್ತಿನ ಮನುಷ್ಯ. ಅವರು ಕಾಗದ ಓದಿ ಕೇಳಿದರು: "ಡಿಸೆಕ್ಷನ್ ಮಾಡಿದ್ದು ಯಾರು ಗಗನಾ?"

ಗಗನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಮನೆ ಓನರ್ ಕೈಲಿ ಮಾಡಿಸಿದ್ರಾ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಇರೋದು ಒಂದೇ ಗಂಡು. ಹೊರಗಡೆ ಯಾರಾದ್ರೂ ಅನುಭವ ಇರೋರಿಗೆ ಕಳಿಸೋಣ. ಇನ್ನು ಆ ಹೆಂಗಸಿನ ಹತ್ರ ಕೊಡ್ಬೇಡಿ."

ಗಗನಾ ಈ ಮಾತನ್ನು ಮನೆಯಲ್ಲಿ ಹೇಳಬಾರದೆಂದುಕೊಂಡಿದ್ದಳು. ಮುಖ ನೋಡಿಯೇ ಹೊನ್ನಗಂಗಮ್ಮ ಬಾಯಿ ಬಿಡಿಸಿದಳು. ಎಲ್ಲ ಕೇಳಿ, "ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನನ್ನ ಕೆಲಸ ಅವರು ನೋಡೇ ಇಲ್ವಲ್ಲ. ನೋಡ್ಲಿ" ಅಂದಳು.

ಮರುದಿನ ಬೆಳಿಗ್ಗೆ ರೇಷ್ಮೆಯಂಚಿನ ಕಾಟನ್ ಸೀರೆ ಉಟ್ಟು, ಸ್ಟೀಲಿನ ಡಬ್ಬಿಯಲ್ಲಿ ಚಿಮಟ, ರೆಪ್ಪೆಗೂದಲಿನ ಕಡ್ಡಿ, ಬಿಡಿಸಿದ ಕಾಲು ಒಣಗದಂತಿಡುವ ಗ್ಲಿಸರಿನ್ನು ಹಾಕಿಕೊಂಡು ಗಗನಾಳ ಜೊತೆ ಹೊರಟಳು. ಬೂತಿನಲ್ಲಿದ್ದ ಚನ್ನಕೇಶವ "ಎಲ್ಲಿಗೆ ಹೊಂಟೆ?" ಅಂದ. "ಕಾಲೇಜಿಗೆ" ಅಂದಳು. ಅವನು ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಹಾಗೇ ನೋಡುತ್ತ ನಿಂತ.

"ಸಾರ್, ನಾನೇ ಆ ಮನೆ ಓನರ್ರು," ಅಂದಳು ಮೋಹನ್ ಕುಮಾರರ ಎದುರು ನಿಂತು. "ಆ ಗಂಡನ್ನ ನನಗೆ ಕೊಡಿ ಅಂತ ಕೇಳೋಕೆ ಬಂದಿಲ್ಲ. ನಿಮ್ಮ ಹತ್ರ ಬೇರೆ ಇಂಥ ಹುಳ ಇದ್ರೆ ಕೊಡಿ. ನಿಮ್ಮ ಮುಂದೆ ಬಿಡಿಸ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಬಂದ ದಾರೀಲಿ ಹೋಗ್ತೀನಿ."

ಮೋಹನ್ ಕುಮಾರ್ ಎದ್ದು ಇಬ್ಬರನ್ನೂ ಲ್ಯಾಬಿಗೆ ಕರೆದುಕೊಂಡು ಹೋದರು. ಲ್ಯಾಬಿನ ಮೀನಿನ ತೊಟ್ಟಿಯ ತಳದ ಕೆಸರಿನಿಂದ ಸಿಹಿನೀರಿನ ಆಸ್ಟ್ರಾಕಾಡ್ ಒಂದನ್ನು ತೆಗೆಸಿದರು. ಸಮುದ್ರದ್ದು ಎಳ್ಳಾದರೆ ಇದು ಗಸಗಸೆ, ಒಂದು ಮಿಲಿಮೀಟರಿನಷ್ಟೂ ಇಲ್ಲ. ಗಗನಾ ಮೈಕ್ರೋಸ್ಕೋಪಿನ ದೀಪವನ್ನು ಇನ್ನಷ್ಟು ಜೋರು ಮಾಡಿದಳು. ಆಂಟಿ ಇಷ್ಟು ಸಣ್ಣದನ್ನು ಮುಟ್ಟೇ ಇರಲಿಲ್ಲ. ಹೊನ್ನಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ಮೈಕ್ರೋಸ್ಕೋಪಿಗೆ ಹೊಂದಿಸಿದ್ದ ಕ್ಯಾಮೆರಾದಿಂದ ಎಲ್ಲವೂ ಗೋಡೆಯ ಪರದೆಯ ಮೇಲೆ ಕಾಣುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಗ್ಲಿಸರಿನ್ ಹನಿಯ ನಡುವೆ ಎರಡು ಚಿಪ್ಪು, ಅವುಗಳ ಕೆಳಗೆ ಜೊತೆಜೊತೆಯಾಗಿ ಕೈಕಾಲುಗಳು, ಮದುವೆಮನೆಯ ಎಲೆ ಸಾಲಿನ ಹಾಗೆ ಒಂದರ ಪಕ್ಕ ಒಂದು ಮಲಗಿದ್ದವು. ಒಂದು ರೋಮವೂ ಮುರಿದಿರಲಿಲ್ಲ.

ಮೋಹನ್ ಕುಮಾರ್ ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಹೇಳಿದರು: "ಗಗನಾ, ಆ ಗಂಡನ್ನ ತನ್ನಿ."

ಸುದ್ದಿ ಹಬ್ಬಿ ಎಂಎಸ್ಸಿ ಮಕ್ಕಳೆಲ್ಲ ಬಾಗಿಲಲ್ಲಿ ಮುತ್ತಿಕೊಂಡರು. "ಉಸಿರು ಕೂಡ ಜೋರಾಗಿ ಬಿಡ್ಬೇಡಿ" ಅಂತ ಮೋಹನ್ ಕುಮಾರರೇ ಫ್ಯಾನು ಆರಿಸಿದರು.

ಚಿಪ್ಪು ತೆರೆದುಕೊಂಡಿತು. ಮೀಸೆಯ ಹೀರುಬಟ್ಟಲು ಕಂಡವು; ಗಂಡೇ ಸರಿ. ಐದು ಜೊತೆ ಸುಲಭವಾಗಿ ಬಂದವು. ಆರನೆಯದೂ ಬಂತು. ಏಳನೆಯದಕ್ಕೆ ಬಂದಾಗ ಹೊನ್ನಗಂಗಮ್ಮನ ಕೈ ನಿಂತಿತು. ಒಂದು ಕಾಲು ಚಿಪ್ಪಿನ ಒಳಮೈಗೆ ಅಂಟಿಕೊಂಡು ಎರಡು ಸುತ್ತು ಸುರುಳಿಯಾಗಿತ್ತು. ಎಳೆದರೆ ತುದಿ ಕಿತ್ತು ಬರುವುದು ಖಂಡಿತ. ತುದಿ ಹೋದರೆ ಬಾಚಣಿಗೆ ಹೋಯಿತು, ಅದರ ಜೊತೆಗೆ ಎಲ್ಲವೂ ಹೋಯಿತು.

ಆಕೆ ಚಿಮಟ ಕೆಳಗಿಟ್ಟು ಹಿಂದಕ್ಕೆ ಒರಗಿದಳು.

"ಏನಾಯ್ತಮ್ಮ?" ಮೋಹನ್ ಕುಮಾರ್ ಪರದೆ ಬಿಟ್ಟು ಆಕೆಯ ಹತ್ತಿರ ಬಂದರು.

"ಏನಿಲ್ಲ ಸಾರ್. ಸುರುಳಿ ಸಿಕ್ಕಿಕೊಂಡಾಗ ಸುರುಳೀನ ಎಳೀಬಾರದು. ಅದರ ಸುತ್ತಮುತ್ತ ಇರೋದನ್ನ ಬಿಡಿಸಿಕೊಂಡು ಬರಬೇಕು. ಎಲ್ಲಿಂದ ಶುರು ಮಾಡ್ಲಿ ಅಂತ ನೋಡ್ತಾ ಇದೀನಿ."

ಒಂದು ಲೋಟ ನೀರು ಕುಡಿದಳು. ಮತ್ತೆ ಬಗ್ಗಿದಳು. ಕಾಲನ್ನು ಮುಟ್ಟಲೇ ಇಲ್ಲ. ಚಿಪ್ಪನ್ನೇ ಅಂಚಿನಿಂದ ತುಣುಕು ತುಣುಕಾಗಿ ಕತ್ತರಿಸಿ ತೆಗೆಯುತ್ತ ಬಂದಳು. ಕೊನೆಗೆ ಕಾಲಿನ ಕೆಳಗೆ ಒಂದು ಚೂರು ಚಿಪ್ಪು ಮಾತ್ರ ಉಳಿಯಿತು. ರೆಪ್ಪೆಗೂದಲನ್ನು ಅವೆರಡರ ನಡುವೆ ತೂರಿಸಿ, ಗ್ಲಿಸರಿನ್ ತಾನಾಗಿಯೇ ಒಳಗೆ ಇಳಿಯಲೆಂದು ಕಾದಳು. ಲ್ಯಾಬಿನಲ್ಲಿ ಮೀನಿನ ತೊಟ್ಟಿಯ ಗುಳುಗುಳು ಒಂದೇ ಸದ್ದು. ಸುರುಳಿ ಮೆಲ್ಲಗೆ ಸಡಿಲವಾಯಿತು. ಒಂದು ಸುತ್ತು ಬಿಚ್ಚಿತು, ಇನ್ನೊಂದೂ ಬಿಚ್ಚಿತು. ಕಾಲು ತೇಲಿ ಮೇಲೆ ಬಂದು ಉದ್ದಕ್ಕೆ ಚಾಚಿಕೊಂಡಿತು. ಇನ್ನೊಂದು ಕಾಲನ್ನು ಅದರಿಂದ ದೂರ, ಬೇರೆಯದೇ ಹನಿಯಲ್ಲಿ ಮಲಗಿಸಿದಳು. ಒಂದರ ಮೇಲೆ ಒಂದು ಬಿತ್ತು ಅಂತ ಇನ್ನು ಯಾರೂ ಹೇಳುವ ಹಾಗಿರಲಿಲ್ಲ.

ಸ್ಲೈಡು ದೊಡ್ಡ ಮೈಕ್ರೋಸ್ಕೋಪಿಗೆ ಹೋಯಿತು. ಪರದೆಯ ಮೇಲೆ ತುದಿ ಮೂಡಿತು. ಮೋಹನ್ ಕುಮಾರ್ ಎದ್ದು ಹೋಗಿ ಪರದೆಯ ಹತ್ತಿರ ನಿಂತು, ಬೆರಳಿಟ್ಟು ಎಣಿಸಿದರು. ಈ ಕಡೆ ಒಂಬತ್ತು ಹಲ್ಲು. ಆ ಕಡೆ ಒಂಬತ್ತು ಹಲ್ಲು. ಗಗನಾ ಇನ್ನೊಂದು ಕಾಲಿನದನ್ನು ತೋರಿಸಿದಳು. ಅಲ್ಲೂ ಒಂಬತ್ತು, ಒಂಬತ್ತು.

"ಎರಡೂ ಕಡೆ!" ಅಂದರು ಅವರು, ಪಾಠ ಮಾಡುವ ಗಂಟಲಿನಲ್ಲಲ್ಲ, ಕ್ರಿಕೆಟ್ ನೋಡುವವರ ಗಂಟಲಿನಲ್ಲಿ. ಬಾಗಿಲಲ್ಲಿದ್ದ ಹುಡುಗರು ಹೋ ಅಂತ ಕೂಗಿದರು, ಶಿಳ್ಳೆ ಹಾಕಿದರು, ಯಾರೂ ಗದರಲಿಲ್ಲ. ಗಗನಾ ಅಳುತ್ತಿದ್ದಳು. ಹೊನ್ನಗಂಗಮ್ಮ ಚಿಮಟದ ತುದಿಯನ್ನು ಸೆರಗಿನಿಂದ ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಆಮೇಲೆ ಆಕೆಗೂ ತಡೆಯಲಾಗಲಿಲ್ಲ, ಬಾಯಿತುಂಬ ನಕ್ಕಳು.

ಪರಿಣತರ ಎರಡನೇ ಕಾಗದ ಹದಿನಾರು ದಿನಕ್ಕೇ ಬಂತು. ಒಪ್ಪಿದ್ದರು. ಕೊನೆಯಲ್ಲಿ ಒಂದು ಸಾಲು ಬೇರೆ ಸೇರಿಸಿದ್ದರು: ಮೂವತ್ತು ವರ್ಷದಿಂದ ಈ ಪ್ರಾಣಿಗಳನ್ನು ಬಿಡಿಸುತ್ತಿದ್ದೇನೆ, ಇಷ್ಟು ಅಚ್ಚುಕಟ್ಟಾದ ಏಳನೇ ಕಾಲನ್ನು ನೋಡಿಲ್ಲ, ಈ ಸ್ಲೈಡು ಮಾಡಿದವರಿಗೆ ನನ್ನ ಗೌರವ ತಿಳಿಸಿ. ಗಗನಾ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ಹೊನ್ನಗಂಗಮ್ಮ ಇನ್ನೊಂದು ಸಲ ಓದಿಸಿದಳು.

ಈಗ ಪತ್ರಿಕೆಯವರ ಫಾರಂ ತುಂಬಬೇಕಿತ್ತು. ಗಗನಾ ಮೊದಲು ತನ್ನ ಹೆಸರು, ಕೆಳಗೆ ಹೊನ್ನಗಂಗಮ್ಮನ ಹೆಸರು ಹಾಕಿದಳು.

"ನಂದ್ಯಾಕೆ? ನಾನು ಒಂದಕ್ಷರಾನೂ ಬರೆದಿಲ್ಲ."

"ಪ್ರಾಣೀನ ತೆರೆದು ತೋರಿಸಿದ್ದು ಯಾರು? ಎರಡನೇ ಬಾಚಣಿಗೆ ನೋಡಿದ್ದು ಯಾರು? ಮೋಹನ್ ಕುಮಾರ್ ಸಾರೇ ಹೇಳಿದ್ರು, ಆ ಹೆಸರಿಲ್ಲದೆ ಕಳಿಸ್ಬೇಡ ಅಂತ."

ಹೊನ್ನಗಂಗಮ್ಮ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. "ನಾನು ಕೂರಿಸಿದ ಸುರುಳಿ ಎಷ್ಟು ಜನರ ಕೈಮೇಲೆ ಓಡ್ತಿದೆಯೋ," ಅಂದಳು. "ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ. ಗೊತ್ತಾಗಬೇಕು ಅಂತ ನನಗೆ ಅನ್ನಿಸೂ ಇರ್ಲಿಲ್ಲ. ಹಾಕು. ಪೂರ್ತಿ ಹೆಸರು ಹಾಕು."

ಯಾವ ಸಂಸ್ಥೆ ಅಂತ ಫಾರಂ ಕೇಳಿತು. ಗಗನಾ ಟೈಪು ಮಾಡಿದಳು: ಸ್ವತಂತ್ರ ಸಂಶೋಧಕಿ, ಮೂಡಲಪಾಳ್ಯ, ಬೆಂಗಳೂರು.

ಹೊಸ ಪ್ರಾಣಿಗೂ ಆಂಟಿಯ ಹೆಸರನ್ನೇ ಇಡಬೇಕೆಂದು ಗಗನಾಳ ಆಸೆ. ಹೊನ್ನಗಂಗಮ್ಮ ಸುತರಾಂ ಒಪ್ಪಲಿಲ್ಲ. "ನನ್ನ ಹೆಸರು ಪ್ರಬಂಧದ ಮೇಲೆ ಬಂತಲ್ಲ. ಅದಕ್ಕೆ ಅದರದ್ದೇ ಹೆಸರಿರ್ಲಿ. ಏನು ಹೊತ್ತಿದೆಯೋ ಅದನ್ನ ಇಡು." ಹಾಗಾಗಿ ಪೆಕ್ಟಿನಿಫೆರಾ ಅಂತ ಇಟ್ಟರು, ಲ್ಯಾಟಿನ್ನಿನಲ್ಲಿ ಬಾಚಣಿಗೆ ಹೊತ್ತವಳು ಅಂತ ಅರ್ಥ.

ಪ್ರಬಂಧ ಅಚ್ಚಾದ ದಿನ ಗಗನಾ ಅದರ ಮೊದಲ ಪುಟವನ್ನೂ ಏಳನೇ ಕಾಲಿನ ಚಿತ್ರವನ್ನೂ ದೊಡ್ಡದಾಗಿ ಪ್ರಿಂಟು ಮಾಡಿಸಿ ತಂದುಕೊಟ್ಟಳು. ಚನ್ನಕೇಶವ ಅದನ್ನು ಲ್ಯಾಮಿನೇಷನ್ ಮಾಡಿಸಿ ಬೂತಿನಲ್ಲಿ, ಮೊಸರಿನ ಫ್ರಿಜ್ಜಿನ ಮೇಲೆ ನೇತುಹಾಕಿದ. ಹಾಲಿಗೆ ಬಂದವರಿಗೆಲ್ಲ ಚಿಲ್ಲರೆ ಕೊಡುವ ಮೊದಲು ಅದನ್ನು ತೋರಿಸುತ್ತಿದ್ದ.

"ನಮ್ಮೋಳು ಸಮುದ್ರದಾಗೆ ಹೊಸಾ ಪ್ರಾಣಿ ಕಂಡುಹಿಡಿದವ್ಳೆ. ನೋಡಿ, ಹೆಸರು. ಇಂಗ್ಲಿಷ್ನಾಗೆ."

ಎದುರು ಬೀದಿಯ ಅಂಜಿನಯ್ಯ ಕತ್ತೆತ್ತಿ ಚಿತ್ರವನ್ನು ದಿಟ್ಟಿಸಿದ. "ಏನ್ ಕೇಶವಣ್ಣ ಇದು, ತಿಮಿಂಗಿಲಾನಾ?"

"ಅಲ್ಲ ಕಣಯ್ಯ. ಎಳ್ಳುಕಾಳಿನಷ್ಟು ಐತೆ."

"ಥೂ, ಅಷ್ಟೇಯಾ? ಇಷ್ಟು ಸಣ್ಣದಕ್ಕೆ ಇಷ್ಟೊಂದು ಗಲಾಟೆನಾ?"

ಚನ್ನಕೇಶವ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನು ಕ್ರೇಟಿಗೆ ವಾಪಸು ಇಟ್ಟ.

"ಸಣ್ಣದು ಅಂತ ನಿಂಗ್ಯಾರಯ್ಯ ಹೇಳಿದ್ದು? ಏಳು ಜೊತೆ ಕೈಕಾಲು ಐತೆ ಅದ್ಕೆ. ಒಂದೊಂದ್ಕೂ ಒಂದೊಂದು ಕೆಲ್ಸ. ನಿಂಗಿರೋದು ಎರಡೇ ಜೊತೆ, ಬೆಳಗಿಂದ ಏನ್ ಮಾಡಿದ್ದೀಯ ಹೇಳು ನೋಡಣ?"